ಗಾಳಿಗೆ ಕಾಲು ಬೀಸುವ ಪಾಠ ಸಾಕು

ಎದುರಾಳಿಯ ಕಾಲು ತಪ್ಪಿಸಿ ನೆಲಕ್ಕೆ ಕೆಡವುವ ಪಟ್ಟಿಗೆ ಗರಡಿಯಲ್ಲಿ ಅಡ್ಡಗಾಲು ಅಂತಾರೆ, ಕರಾಟೆ ಕ್ಲಾಸಿನಲ್ಲಿ ಸ್ವೀಪ್ ಅಂತಾರೆ, ಬೆಳಗಾವಿ-ಕೊಲ್ಹಾಪುರದ ಕಡೆಯ ಪೈಲ್ವಾನರು ಟಾಂಗ್ ಅಂತಾರೆ. ಹೆಸರು ಏನೇ ಇರಲಿ, ಅದನ್ನು ಚೆನ್ನಾಗಿ ಕಲಿಯುವುದು ಹೇಗೆ ಎಂದು ನಮ್ಮ ಇಟ್ಟಿಗಿ, ಹಡಗಲಿ, ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಸೀಮೆಯಲ್ಲಿ ಕೇಳಿ ನೋಡಿ. ಸಿಗುವ ಉತ್ತರ ಬಹುಮಟ್ಟಿಗೆ ಒಂದೇ: “ಮೊದ್ಲು ಕಾಲು ಗಟ್ಟಿ ಮಾಡ್ಕೊಳ್ರಿ, ಪಟ್ಟು ತಾನಾ ಬರ್ತತಿ.” ಗರಡಿಯ ಹಿರಿಯರು ಬೈಠಕ್ಕಿನ ಲೆಕ್ಕ ಹೇಳುತ್ತಾರೆ. ಕರಾಟೆ ಮಾಸ್ತರರು ಗಾಳಿಗೆ ಕಾಲು ಬೀಸುವ ಲೆಕ್ಕ ಹೇಳುತ್ತಾರೆ. ಎರಡರ ಅಡಿಯಲ್ಲಿರುವ ನಂಬಿಕೆ ಒಂದೇ, ಕೆಡವುವುದು ಕಾಲಿನ ಬಲ ಎಂಬುದು. ಈ ನಂಬಿಕೆ ತಪ್ಪು. ಮಕ್ಕಳಿಗೆ ಪಟ್ಟು ಬರದಂತೆ ಮಾಡಿರುವುದೂ ಇದೇ, ಮೊಣಕಾಲು ಮುರಿಸುತ್ತಿರುವುದೂ ಇದೇ.

ಇದು ಗರಡಿಯೊಳಗಿನ ತಕರಾರು, ಊರಿಗೆ ಸಂಬಂಧಿಸಿದ್ದಲ್ಲ ಎನ್ನುವಂತಿಲ್ಲ. ರಾಣಿ ಲಕ್ಷ್ಮೀಬಾಯಿ ಆತ್ಮರಕ್ಷಣಾ ತರಬೇತಿ ಎಂಬ ಹೆಸರಿನಲ್ಲಿ ಸಮಗ್ರ ಶಿಕ್ಷಣದ ಅಡಿ ಸರ್ಕಾರಿ ಶಾಲೆಯ ಹೆಣ್ಣುಮಕ್ಕಳಿಗೆ ಮೂರು ತಿಂಗಳ ಪಾಠ ನಡೆಯುತ್ತದೆ. ಉದ್ದೇಶ ಒಳ್ಳೆಯದು, ಅದನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ ಶಾಲೆಯ ಮೈದಾನದಲ್ಲಿ ನಡೆಯುವುದೇನು? ಸಂಜೆ ನಾಲ್ಕರ ಬಿಸಿಲಿಗೆ ಹುಡುಗಿಯರು ಸಾಲಾಗಿ ನಿಂತಿರುತ್ತಾರೆ. ಮುಂದೆ ನಿಂತವರು ಜಪಾನಿ ಭಾಷೆಯಲ್ಲಿ ಇಚಿ, ನಿ, ಸಾನ್ ಎಂದು ಎಣಿಸುತ್ತಾರೆ. ಪ್ರತಿ ಎಣಿಕೆಗೂ ಬಲಗಾಲು ಅರ್ಧ ಸುತ್ತು ಬೀಸುತ್ತದೆ, ಗರಸು ನೆಲದಿಂದ ಧೂಳು ಏಳುತ್ತದೆ. ಯಾರೂ ಯಾರನ್ನೂ ಮುಟ್ಟುವುದಿಲ್ಲ, ಯಾರೂ ಬೀಳುವುದಿಲ್ಲ. ಮೂರು ತಿಂಗಳಾದ ಮೇಲೆ ಹೆಡ್‌ಮಾಸ್ತರರ ಮುಂದೆ ಪ್ರದರ್ಶನ, ಫೋಟೊ, ಚಪ್ಪಾಳೆ. ಆ ಹುಡುಗಿಯ ತೋಳು ಹಿಡಿದು ಯಾರಾದರೂ ಎಳೆದರೆ ಈ ಬೀಸುಗಾಲು ಯಾವ ಕೆಲಸಕ್ಕೂ ಬರುವುದಿಲ್ಲ. ಬರುತ್ತದೆ ಎಂದು ಅವಳಿಗೆ ನಂಬಿಸಿ ಕಳಿಸುವುದು ಕಲಿಸದೇ ಇರುವುದಕ್ಕಿಂತ ಕೆಟ್ಟದ್ದು.

ಯಾಕೆ ಬರುವುದಿಲ್ಲ ಎಂಬುದು ನಂಬಿಕೆಯ ಪ್ರಶ್ನೆ ಅಲ್ಲ, ಲೆಕ್ಕದ ಪ್ರಶ್ನೆ. ಐವತ್ತು ಕೆ.ಜಿ. ತೂಕದ ಒಬ್ಬರು ತಮ್ಮ ಪೂರ್ತಿ ಭಾರವನ್ನು ಒಂದೇ ಕಾಲಿನ ಮೇಲೆ ಹಾಕಿ ನಿಂತಿದ್ದಾರೆ ಅನ್ನಿ. ನೆಲಕ್ಕೂ ಅಂಗಾಲಿಗೂ ಇರುವ ಘರ್ಷಣೆ ಸಾಧಾರಣ ನೆಲದಲ್ಲಿ ಮೈಭಾರದ ಅರ್ಧದಷ್ಟು ಎಂದು ಹಿಡಿದರೂ ಆ ಕಾಲನ್ನು ಜರುಗಿಸಲು ಇಪ್ಪತ್ತೈದು ಕೆ.ಜಿ. ಭಾರ ಎಳೆದಷ್ಟು ಬಲ ಬೇಕು. ಎದುರಿಗೆ ಎಪ್ಪತ್ತೈದು ಕೆ.ಜಿ.ಯ ಗಂಡಸಿದ್ದರೆ ಮೂವತ್ತೇಳೂವರೆ. ಅದನ್ನು ಒಂದು ಕಾಲಲ್ಲಿ ನಿಂತ ಹುಡುಗಿ ಇನ್ನೊಂದು ಕಾಲಿನ ಬೀಸಿನಿಂದ ಕೊಡಬೇಕು. ಆಗುವುದಿಲ್ಲ. ಅದೇ ಗಂಡಸು ಹೆಜ್ಜೆ ಇಡುತ್ತಿರುವಾಗ, ಅಂಗಾಲು ಇನ್ನೂ ನೆಲ ಸವರುತ್ತಿರುವಾಗ, ಆ ಕಾಲಿನ ಮೇಲೆ ಬಿದ್ದಿರುವ ಭಾರ ಐದು ಕೆ.ಜಿ. ಇದ್ದರೆ ಬೇಕಾಗುವ ಬಲ ಎರಡೂವರೆ ಕೆ.ಜಿ.ಯಷ್ಟು. ಹದಿಮೂರು ವರ್ಷದ ಹುಡುಗಿಯ ಅಂಗಾಲೂ ಅಷ್ಟಕ್ಕೆ ಸಾಕು. ಕಾಲೂ ಅದೇ, ಎದುರಾಳಿಯೂ ಅವನೇ, ಬದಲಾದದ್ದು ಗಳಿಗೆ ಮಾತ್ರ. ಹಾಗಿದ್ದ ಮೇಲೆ ತೊಡೆಗೆ ದಿನಕ್ಕೆ ಸಾವಿರ ಬೈಠಕ್ ಹೊಡೆಸಿ ಎರಡು-ಮೂರು ಪಟ್ಟು ಬಲ ಗಳಿಸುವ ಬದಲು, ಹತ್ತು ಹದಿನೈದು ಪಟ್ಟು ಲಾಭ ಕೊಡುವ ಗಳಿಗೆಯನ್ನು ಕಲಿಸಬೇಡವೇ?

ಮಳೆಗಾಲದಲ್ಲಿ ತುಂಗಭದ್ರೆಯ ದಂಡೆಯಲ್ಲಿ ಪಾಚಿ ಹಿಡಿದ ಕಲ್ಲಿನ ಮೇಲೆ ಕಾಲಿಟ್ಟವನನ್ನು ನೋಡಿ. ಅವನನ್ನು ಯಾರೂ ತಳ್ಳುವುದಿಲ್ಲ. ಭಾರ ಹಾಕಲು ಹೋದ ಗಳಿಗೆಯಲ್ಲಿ ಕಾಲ ಕೆಳಗಿನ ನೆಲ ಸಿಗುವುದಿಲ್ಲ, ಅವನದೇ ಮೈಭಾರ ಅವನನ್ನು ಕೆಡವುತ್ತದೆ. ಅಡ್ಡಗಾಲು ಎದುರಾಳಿಗೆ ಆ ಕಲ್ಲಾಗಬೇಕು. ಅದರಲ್ಲಿ ಹೊಡೆತವೇ ಇಲ್ಲ.

ಈಗ ಗಳಿಗೆಯ ಲೆಕ್ಕಕ್ಕೆ ಬರೋಣ. ಮಾಮೂಲು ನಡಿಗೆಯಲ್ಲಿ ಒಂದು ಕಾಲು ನೆಲ ಮುಟ್ಟಿ, ಎತ್ತಿ, ಮತ್ತೆ ಅದೇ ಕಾಲು ನೆಲ ಮುಟ್ಟಲು ಹೆಚ್ಚುಕಡಿಮೆ ಒಂದು ಸೆಕೆಂಡು ಹಿಡಿಯುತ್ತದೆ. ಅದರಲ್ಲಿ ನೂರಕ್ಕೆ ಸುಮಾರು 60 ಭಾಗ ಆ ಕಾಲು ನೆಲದ ಮೇಲಿರುತ್ತದೆ, 40 ಭಾಗ ಗಾಳಿಯಲ್ಲಿ. ಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ದಾಟುವ ಹೊತ್ತು, ಅಂದರೆ ಎರಡೂ ಪಾದ ನೆಲದಲ್ಲಿರುವ ಹೊತ್ತು, ಪ್ರತಿ ಹೆಜ್ಜೆಗೆ ಹತ್ತನೇ ಒಂದು ಭಾಗದಷ್ಟು. ಒಟ್ಟಿನಲ್ಲಿ ನಮಗೆ ಸಿಗುವ ಕಿಂಡಿ ಸೆಕೆಂಡಿನ ಹತ್ತನೇ ಒಂದು ಭಾಗದ ಆಸುಪಾಸು. ಮನುಷ್ಯನ ಕಣ್ಣು ಒಂದನ್ನು ಕಂಡು ಕೈಕಾಲು ಅಲುಗಲು ಬೇಕಾಗುವುದು ಸೆಕೆಂಡಿನ ಐದನೇ ಒಂದು ಭಾಗ. ಅಂದರೆ ಕಿಂಡಿಯ ಎರಡರಷ್ಟು. ಎದುರಾಳಿಯ ಕಾಲು ಬರುವುದನ್ನು ನೋಡಿ ಆಮೇಲೆ ಕಾಲು ಹಾಕುತ್ತೇನೆ ಎಂದು ಕಾದವನು ಪ್ರತಿಸಾರಿಯೂ ತಡವಾಗಿಯೇ ಬರುತ್ತಾನೆ. ಎಷ್ಟೇ ಬಲಿಷ್ಠನಿರಲಿ, ಎಷ್ಟೇ ಚುರುಕಿರಲಿ, ತಡವೇ.

ಹಾಗಾದರೆ ಈ ಪಟ್ಟು ಹಾಕಿ ಗೆಲ್ಲುವವರು ಹೇಗೆ ಗೆಲ್ಲುತ್ತಾರೆ? ಅವರು ಹೆಜ್ಜೆಗಾಗಿ ಕಾಯುವುದಿಲ್ಲ, ಹೆಜ್ಜೆ ಇಡಿಸುತ್ತಾರೆ. ಕೊರಳ ಹಿಂದೆ ಹಾಕಿದ ಕೈ ಸ್ವಲ್ಪ ಕೆಳಗೆ ಒತ್ತುತ್ತದೆ, ಮೊಣಕೈ ಹಿಡಿದ ಕೈ ಸ್ವಲ್ಪ ಪಕ್ಕಕ್ಕೆ ಎಳೆಯುತ್ತದೆ. ಬೀಳದಿರಲು ಎದುರಾಳಿ ಕಾಲು ಮುಂದಿಡಲೇಬೇಕು. ಯಾವ ಕಾಲು, ಯಾವ ಕಡೆಗೆ, ಯಾವಾಗ ಎಂಬುದು ಎಳೆದವನಿಗೆ ಮೊದಲೇ ಗೊತ್ತು. ಅವನ ಅಂಗಾಲು ಅಲ್ಲಿಗೆ ಆಗಲೇ ಹೊರಟಿರುತ್ತದೆ. ಜಿಗೊರೊ ಕಾನೊ 1882ರಲ್ಲಿ ಟೋಕಿಯೊದಲ್ಲಿ ಕೊಡೊಕಾನ್ ಶಾಲೆ ಕಟ್ಟಿ ಜೂಡೊ ಕಲಿಸತೊಡಗಿದಾಗ ಕೆಡವುವ ಕೆಲಸವನ್ನು ಮೂರಾಗಿ ಬಿಡಿಸಿ ಹೇಳಿದ್ದರು: ಮೊದಲು ಎದುರಾಳಿಯ ತೋಲ ತಪ್ಪಿಸುವುದು, ಆಮೇಲೆ ತನ್ನ ಮೈಯನ್ನು ತಕ್ಕ ಜಾಗಕ್ಕೆ ತರುವುದು, ಕೊನೆಗೆ ಪಟ್ಟು ಹಾಕುವುದು. ಕಾಲಿನ ಕೆಲಸ ಮೂರನೆಯದು. ಗಾಳಿಗೆ ಕಾಲು ಬೀಸುವ ಪಾಠದಲ್ಲಿ ಮೊದಲ ಎರಡೂ ಇಲ್ಲ. ತೋಲ ತಪ್ಪಿಸಲು ಅಲ್ಲಿ ಯಾರೂ ಇಲ್ಲವಲ್ಲ! ಕೊಡೊಕಾನ್ 1920ರಲ್ಲಿ ಪರಿಷ್ಕರಿಸಿದ ನಲವತ್ತು ಪಟ್ಟುಗಳ ಪಟ್ಟಿಯಲ್ಲಿ ಮೊಟ್ಟಮೊದಲು ನಿಂತಿರುವುದು ದೆ-ಆಶಿ-ಹರಾಯಿ, ಅಂದರೆ ಮುಂದೆ ಬರುವ ಪಾದವನ್ನು ಸವರಿ ತೆಗೆಯುವುದು. ನಿಂತ ಪಾದವನ್ನಲ್ಲ, ಬರುವ ಪಾದವನ್ನು.

ಇಲ್ಲಿ ಗರಡಿಯವರು ಒಂದು ಮಾತು ಎತ್ತುತ್ತಾರೆ. ಜಪಾನಿನದು ನಮಗ್ಯಾಕೆ, ನಮ್ಮ ಹಿರಿಯರು ಕಲ್ಲುಗುಂಡು ಎತ್ತಿ, ಗದೆ ತಿರುಗಿಸಿ, ಸಾಮು ಮಾಡಿಯೇ ಪೈಲ್ವಾನರಾದರು ಎಂಬುದು. ಸರಿ, ಹಿರಿಯರ ಸಾಕ್ಷಿಯನ್ನೇ ಕರೆಯೋಣ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಕೃಷ್ಣದೇವರಾಯನ ದಿನಚರಿ ಬರೆದಿಟ್ಟಿದ್ದಾನೆ. ಅರಸ ಬೆಳಕು ಹರಿಯುವ ಮೊದಲೇ ಎದ್ದು ಎಳ್ಳೆಣ್ಣೆ ಕುಡಿಯುತ್ತಿದ್ದ, ಮೈಗೆಲ್ಲ ಅದನ್ನೇ ಹಚ್ಚಿಸಿಕೊಳ್ಳುತ್ತಿದ್ದ, ಮಣ್ಣಿನಲ್ಲಿ ಮಾಡಿದ ದೊಡ್ಡ ಭಾರಗಳನ್ನು ಎತ್ತುತ್ತಿದ್ದ, ಎಣ್ಣೆಯೆಲ್ಲ ಬೆವರಾಗಿ ಇಳಿಯುವತನಕ ಕತ್ತಿ ತಿರುಗಿಸುತ್ತಿದ್ದ. ಗರಡಿಯವರು ಈ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಪಾಯಸ್ ನಿಲ್ಲಿಸಿಲ್ಲ. ಅಷ್ಟಾದ ಮೇಲೆ ಅರಸ ತನ್ನ ಜಟ್ಟಿಗಳಲ್ಲೊಬ್ಬನ ಜೊತೆ ಕುಸ್ತಿ ಹಿಡಿಯುತ್ತಿದ್ದ ಎಂದು ಬರೆಯುತ್ತಾನೆ. ದಿನವೂ, ಜೀವಂತ ಮನುಷ್ಯನ ಜೊತೆ. ಸಾಮ್ರಾಜ್ಯದ ಒಡೆಯನಿಗೂ ಭಾರ ಎತ್ತಿದ ಮಾತ್ರಕ್ಕೆ ಕಸರತ್ತು ಮುಗಿಯುತ್ತಿರಲಿಲ್ಲ. ಹಂಪಿಯ ಮಹಾನವಮಿ ದಿಬ್ಬದ ಕಲ್ಲಿನಲ್ಲಿ ಕೆತ್ತಿರುವ ಜಟ್ಟಿಗಳೂ ಒಬ್ಬರನ್ನೊಬ್ಬರು ಹಿಡಿದು ನಿಂತವರೇ. ಅದಕ್ಕೂ ಸುಮಾರು ನಾಲ್ಕು ನೂರು ವರ್ಷ ಹಿಂದೆ, ನಮ್ಮ ಸೀಮೆಯ ಕೋಗಳಿ ನಾಡು ಕಲ್ಯಾಣದ ಚಾಲುಕ್ಯರ ಕೈಯಲ್ಲಿದ್ದ ಕಾಲದಲ್ಲಿ, ಆ ವಂಶದ ಅರಸ ಮೂರನೆಯ ಸೋಮೇಶ್ವರ ತನ್ನ ಮಾನಸೋಲ್ಲಾಸ ಗ್ರಂಥದಲ್ಲಿ ಮಲ್ಲವಿನೋದ ಎಂಬ ಅಧ್ಯಾಯವನ್ನೇ ಇಟ್ಟ. ಬಲದ ಜೊತೆಗೆ ಪಟ್ಟುಗಳ ಅರಿವೂ ಅಲ್ಲಿ ಜಟ್ಟಿಯ ಲಕ್ಷಣ. ನಮ್ಮ ಪರಂಪರೆ ಸಾಮನ್ನೂ ಜೋಡಿಯನ್ನೂ ಕೂಡಿಸಿಯೇ ಕಲಿಸಿದೆ. ಜೋಡಿಯನ್ನು ಬಿಟ್ಟು ಸಾಮನ್ನಷ್ಟೇ ಹಿಡಿದುಕೊಂಡವರು ಪರಂಪರೆಯ ಹೆಸರು ಹೇಳಬಾರದು.

ಸಾಮು ಬೇಡ ಎನ್ನುತ್ತಿಲ್ಲ. ಒಂದು ಕಾಲಿನ ಮೇಲೆ ಅಲುಗದೆ ನಿಲ್ಲಲು ತೊಡೆ ಗಟ್ಟಿ ಬೇಕೇಬೇಕು. ಆದರೆ ಆ ಗಟ್ಟಿತನ ಬೇಕಿರುವುದು ನೆಲದಲ್ಲಿ ಊರಿದ ಕಾಲಿಗೆ. ಸವರುವ ಕಾಲು ಹಗುರವಿದ್ದಷ್ಟೂ ಒಳ್ಳೆಯದು. ಬೈಠಕ್ ಹೊಡೆಸುವವರಲ್ಲಿ ಎಷ್ಟು ಜನ ಶಿಷ್ಯರಿಗೆ ಇದನ್ನು ಹೇಳುತ್ತಾರೆ?

ಇನ್ನೊಂದು ವಾದ ಸ್ವಲ್ಪ ಗಟ್ಟಿಯದು, ಅದಕ್ಕೆ ಮರ್ಯಾದೆ ಕೊಟ್ಟೇ ಉತ್ತರಿಸಬೇಕು. ಸಾವಿರ ಸಲ ಮಾಡಿದ್ದು ಮೈಗೆ ಹತ್ತುತ್ತದೆ, ಆಮೇಲೆ ಯೋಚನೆ ಇಲ್ಲದೆ ತಾನಾಗಿ ಬರುತ್ತದೆ ಎಂಬುದು ಆ ವಾದ. ಹತ್ತುತ್ತದೆ, ನಿಜ. ಪ್ರಶ್ನೆ ಏನು ಹತ್ತಿತು ಎಂಬುದು. ಗಾಳಿಗೆ ಬೀಸಿದ ಹುಡುಗನ ಮೈಗೆ ನಾಲ್ಕು ಕೆಟ್ಟ ರೂಢಿ ಹತ್ತಿರುತ್ತವೆ. ಎದುರು ಹಿಡಿದುಕೊಳ್ಳಲು ಯಾರೂ ಇಲ್ಲದ್ದರಿಂದ ಅವನ ಕೈಗಳು ಸುಮ್ಮನೆ ಜೋತಾಡುತ್ತಿರುತ್ತವೆ. ಬೀಸಿಗೆ ಜೋರು ತರಲು ಕಾಲನ್ನು ಮೊದಲು ಹಿಂದಕ್ಕೆ ಒಯ್ಯುತ್ತಾನೆ, ಅಲ್ಲಿಗೇ ಎದುರಾಳಿಗೆ ಸುದ್ದಿ ಮುಟ್ಟಿತು. ಕಾಲು ಯಾವುದಕ್ಕೂ ತಾಗದೆ ಸುತ್ತಿ ಹೋಗುವುದರಿಂದ ಮೈಯೂ ಅದರ ಹಿಂದೆ ಸುತ್ತಿ ಬೆನ್ನು ತೋರಿಸುತ್ತಾನೆ. ತನ್ನ ಪಾದವನ್ನೇ ತಾನು ನೋಡುತ್ತಾ ತಲೆ ತಗ್ಗಿಸಿರುತ್ತಾನೆ. ಜೋಡಿಯ ಜೊತೆ ಬಿಟ್ಟರೆ ಮೊದಲ ಎಳೆತಕ್ಕೇ ಮುಗ್ಗರಿಸುತ್ತಾನೆ. ಇವನ್ನು ಬಿಡಿಸುವುದು ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ.

ಎಣಿಸಿ ಕಲಿಸುವವರು ನೆಲದ ವಿಚಾರವನ್ನೂ ಮರೆಯುತ್ತಾರೆ. ಗರಡಿಯ ಕೆಮ್ಮಣ್ಣಿಗೆ ಎಣ್ಣೆ, ಅರಿಸಿನ, ಮಜ್ಜಿಗೆ, ನಿಂಬೆರಸ ಬೆರೆಸಿ ಹದ ಮಾಡಿರುತ್ತಾರೆ. ಅದರಲ್ಲಿ ಪಾದ ಹೂತುಕೊಳ್ಳುತ್ತದೆ, ಜಾರುವುದಿಲ್ಲ. ಹಾಗಾಗಿ ಮಣ್ಣಿನ ಕುಸ್ತಿಯಲ್ಲಿ ಹೆಚ್ಚು ಫಲ ಕೊಡುವುದು ಕೊಕ್ಕೆಯಂತೆ ಹಿಮ್ಮಡಿಗೆ ಸಿಕ್ಕಿಸಿ ಎತ್ತುವ ಒಳಗಾಲು, ಹೊರಗಾಲು. ಮ್ಯಾಟಿನ ಮೇಲೆ ಪಾದ ಜಾರುತ್ತದೆ, ಅಲ್ಲಿ ಸವರುವುದು ನಡೆಯುತ್ತದೆ. ಶಾಲೆಯ ಗರಸು ಮೈದಾನದಲ್ಲಿ ಚಪ್ಪಲಿ ಹಾಕಿದವನ ಕಾಲು ಒಂದು ಬಗೆ, ಬೂಟು ಹಾಕಿದವನದು ಇನ್ನೊಂದು ಬಗೆ. ನೆಲ ಬದಲಾದರೆ ಪಟ್ಟಿನ ಕೋನ, ಎತ್ತರ, ಹೊತ್ತು ಎಲ್ಲವೂ ಬದಲಾಗಬೇಕು. ಎಣಿಕೆಯ ಪಾಠಕ್ಕೆ ಎಲ್ಲ ನೆಲವೂ ಒಂದೇ. ತೋರಣಗಲ್ಲಿನ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ 2018ರಿಂದ ಜೂಡೊ ಮತ್ತು ಕುಸ್ತಿ ಎರಡಕ್ಕೂ ತರಬೇತಿ ಇದೆ. ನಮ್ಮ ಪಕ್ಕದ ಜಿಲ್ಲೆ, ದೂರವೇನಲ್ಲ. ಕಲಿಸುವವರು ಒಮ್ಮೆ ಹೋಗಿ ಜೂಡೊ ಮ್ಯಾಟಿನ ಬದಿಗೆ ಕೂತು ಪಾದಗಳನ್ನಷ್ಟೇ ನೋಡಲಿ.

ಮುಂಗಾಲು ಗಟ್ಟಿ ಮಾಡಲು ಕೋಲಿನಿಂದ ಬಡಿಸಿಕೊಳ್ಳುವ, ಮರಕ್ಕೆ ಒದೆಯುವ ಚಟದ ಬಗ್ಗೆ ಹೆಚ್ಚು ಬರೆಯಲು ನನಗೆ ಮನಸ್ಸಿಲ್ಲ. ಸ್ವೀಪಿನಲ್ಲಿ ತಾಗಬೇಕಾದ್ದು ಅಂಗಾಲು, ತಾಗಿಸಬೇಕಾದ್ದು ಎದುರಾಳಿಯ ಹರಡಿನ ಕೆಳಗೆ. ಮುಂಗಾಲಿನ ಎಲುಬಿಗೆ ಅಲ್ಲಿ ಕೆಲಸವೇ ಇಲ್ಲ. ಮುಂಗಾಲಿನಿಂದ ಹೊಡೆಯುವವನು ಸಾಮಾನ್ಯವಾಗಿ ಹೊಡೆಯುವುದು ಮೇಲಕ್ಕೆ, ಮೊಣಕಾಲಿನ ಪಕ್ಕಕ್ಕೆ, ಅದೂ ಭಾರ ಊರಿದ ಕಾಲಿಗೆ. ಮೊಣಕಾಲು ಮುಂದಕ್ಕೆ ಹಿಂದಕ್ಕೆ ಮಡಚುವ ಕೀಲು, ಪಕ್ಕಕ್ಕೆ ಮಡಚುವುದಲ್ಲ. ಪಾದ ಜಾರದೆ ನಿಂತಿದ್ದರೆ ಹೊಡೆತವನ್ನು ನುಂಗಬೇಕಾದ್ದು ಒಳಗಿನ ಕಟ್ಟುನಾರುಗಳು. ಯಮಶಿತಾ ಯಾಸುಹಿರೊ ಜೂಡೊ ಲೋಕದ ದೊಡ್ಡ ಹೆಸರು, 1984ರ ಒಲಿಂಪಿಕ್ಸ್ ಚಿನ್ನ ಗೆದ್ದವರು. 1980ರಲ್ಲಿ ಜಪಾನಿನ ಪಂದ್ಯವೊಂದರಲ್ಲಿ ಎದುರಾಳಿ ಎರಡೂ ಕಾಲನ್ನು ಕತ್ತರಿಯಂತೆ ಸಿಕ್ಕಿಸಿ ಹಾಕಿದ ಕತ್ತರಿಗಾಲಿಗೆ ಅಂಥವರ ಕಾಲೆಲುಬೇ ಮುರಿಯಿತು. ಕತ್ತರಿಗಾಲನ್ನು ಜೂಡೊ ಪಂದ್ಯಗಳಲ್ಲಿ ನಿಷೇಧಿಸಿದ್ದಾರೆ. ನಮ್ಮಲ್ಲಿ ಸಿನಿಮಾ ನೋಡಿ ಬಂದ ಹುಡುಗರು ಅದನ್ನೇ ಮೊದಲು ಮಾಡಲು ಹೋಗುತ್ತಾರೆ, ತಡೆಯುವವರಿಲ್ಲ.

ಎಲ್ಲಕ್ಕಿಂತ ನನ್ನನ್ನು ಕಾಡುವುದು ಬೀಳುವ ಪಾಠ ಇಲ್ಲದಿರುವುದು. ಅಡ್ಡಗಾಲು ಚೆನ್ನಾಗಿ ಬಿದ್ದರೆ ಎದುರಾಳಿ ಹಿಂದಕ್ಕೆ ಬೀಳುತ್ತಾನೆ, ಕೈಯೂರಲು ಹೊತ್ತಿರುವುದಿಲ್ಲ, ಬೀಳಲು ಬಾರದಿದ್ದರೆ ತಲೆಯ ಹಿಂಭಾಗ ನೆಲಕ್ಕೆ ಬಡಿಯುತ್ತದೆ. ಜಪಾನಿನ ಶಾಲೆಗಳಲ್ಲಿ 1983ರಿಂದ ಮೂರು ದಶಕಗಳ ಆಸುಪಾಸಿನಲ್ಲಿ ನೂರಕ್ಕೂ ಹೆಚ್ಚು ಮಕ್ಕಳು ಜೂಡೊ ಕಲಿಯುವಾಗ ಸತ್ತಿದ್ದಾರೆ. ಹೆಚ್ಚಿನವು ತಲೆಗೆ ಬಿದ್ದ ಪೆಟ್ಟಿನಿಂದಾದ ಸಾವುಗಳು, ಸತ್ತವರಲ್ಲಿ ಹೊಸದಾಗಿ ಸೇರಿದವರು ಹೆಚ್ಚು. ತಲೆಪೆಟ್ಟಿನ ಪ್ರಕರಣಗಳಲ್ಲಿ ಮತ್ತೆ ಮತ್ತೆ ಕಾಣಿಸುವ ಪಟ್ಟು ಒಸೊಟೊ-ಗಾರಿ, ನಮ್ಮ ಹೊರಗಾಲು. 2012ರಲ್ಲಿ ಅಲ್ಲಿನ ಮಾಧ್ಯಮಿಕ ಶಾಲೆಗಳಲ್ಲಿ ಸಮರಕಲೆ ಕಡ್ಡಾಯವಾದಾಗ ತಂದೆತಾಯಂದಿರು ಇದೇ ಲೆಕ್ಕವನ್ನು ಮುಂದಿಟ್ಟು ಪ್ರಶ್ನಿಸಿದರು. ಮ್ಯಾಟು, ತರಬೇತಾದ ಗುರುಗಳು, ನೂರು ವರ್ಷದ ಶಿಸ್ತು ಎಲ್ಲ ಇದ್ದ ದೇಶದ ಕಥೆ ಇದು. ಗರಸು ನೆಲ, ಸಿಮೆಂಟು ವರಾಂಡ ಬಿಟ್ಟರೆ ಗತಿ ಇಲ್ಲದ ನಮ್ಮ ಶಾಲೆಗಳಲ್ಲಿ ಮಕ್ಕಳು ಪೆಟ್ಟು ತಿನ್ನದೆ ಉಳಿದಿರುವುದಕ್ಕೆ ಒಂದೇ ಕಾರಣ, ಅವರು ಯಾರನ್ನೂ ಕೆಡವುತ್ತಿಲ್ಲ. ಮಾಸ್ತರರು ಹೇಳಿಕೊಟ್ಟದ್ದನ್ನು ಮಕ್ಕಳು ಬಿಡುವಿನ ವೇಳೆ ಒಬ್ಬರ ಮೇಲೊಬ್ಬರು ನಿಜವಾಗಿ ಪ್ರಯೋಗಿಸಿದ ದಿನ ಏನಾದೀತು ಎಂದು ಯೋಚಿಸಿದರೆ ಎದೆ ಝಲ್ಲೆನ್ನುತ್ತದೆ. ಬೀಳುವ ಪಾಠ ಅಂದರೆ ಇಷ್ಟೇ: ಗದ್ದ ಎದೆಗೆ ಒತ್ತಿ, ಬೆನ್ನು ದುಂಡಗೆ ಮಾಡಿ, ಕುಂಡಿಯ ಕಡೆಯಿಂದ ನೆಲಕ್ಕೆ ಇಳಿದು, ಅಂಗೈ-ಮುಂಗೈ ಸೇರಿಸಿ ನೆಲಕ್ಕೆ ಬಡಿದು, ಉಸಿರು ಬಿಡುವುದು. ಕೂತಲ್ಲಿಂದ, ಆಮೇಲೆ ಕುಕ್ಕರಗಾಲಿನಿಂದ, ಆಮೇಲೆ ನಿಂತಲ್ಲಿಂದ. ಇದು ಮೈಗೆ ಹತ್ತದವರೆಗೆ ಅಡ್ಡಗಾಲಿನ ಹೆಸರನ್ನೂ ಎತ್ತಬಾರದು.

ಮ್ಯಾಟಿಗೆ ದುಡ್ಡೆಲ್ಲಿ ಎನ್ನುತ್ತಾರೆ. ಶಾಲೆಗೆ ಮ್ಯಾಟು ಸಿಗುವತನಕ ಮಣ್ಣಿದೆ. ನಮ್ಮ ಸೀಮೆಯ ಅದೆಷ್ಟೋ ಊರುಗಳಲ್ಲಿ ಗರಡಿ ಮನೆ ಬೀಗ ಹಾಕಿಕೊಂಡು, ಜಾತ್ರೆಯ ಕುಸ್ತಿಗೆ ನಾಲ್ಕು ದಿನ ಇರುವಾಗ ಮಾತ್ರ ಬಾಗಿಲು ತೆಗೆಯುತ್ತದೆ. ಒಳಗೆ ಹದ ಮಾಡಿದ ಮೆತ್ತನೆ ಮಣ್ಣಿದೆ, ಹೊರಗೆ ಗರಸು ನೆಲದ ಮೇಲೆ ಮಕ್ಕಳು ಸಾಲಾಗಿ ನಿಂತಿದ್ದಾರೆ. ಹೆಣ್ಣುಮಕ್ಕಳು ಗರಡಿಯ ಒಳಗೆ ಬರಬಾರದು ಎಂಬ ಕಟ್ಟುಪಾಡು ಹಲವು ಕಡೆ ಇನ್ನೂ ಇದೆ. ನಾನು ಬಿಚ್ಚಿ ಹೇಳುತ್ತೇನೆ, ಆ ಕಟ್ಟುಪಾಡು ಹೋಗಬೇಕು. ಹೆಣ್ಣುಮಗಳೊಬ್ಬಳು ಮೈ ಕಾಯ್ದುಕೊಳ್ಳುವುದನ್ನು ಕಲಿಯಲು ಬಂದರೆ ಗರಡಿಯ ಹನುಮಪ್ಪ ಮುನಿಯುತ್ತಾನೆ ಎಂದು ನಂಬುವುದು ಹನುಮಪ್ಪನಿಗೇ ಅವಮಾನ. ಅದು ಆಗದ ಊರಲ್ಲಿ ಶಾಲೆಯ ಹಿಂದೆ ಮೊಣಕಾಲುದ್ದ ಗುಂಡಿ ತೋಡಿ, ಕಲ್ಲು-ಮುಳ್ಳು ಆರಿಸಿ, ಜರಡಿ ಹಿಡಿದ ಮಣ್ಣು-ಮರಳು ತುಂಬಿಸಲು ಪಂಚಾಯ್ತಿಗೆ ಎಷ್ಟು ಖರ್ಚಾದೀತು?

ಕಾಲು ಕೊಟ್ಟು ಕೆಡವುವುದು ಗಂಡಸುತನವಲ್ಲ, ಮೋಸ ಎನ್ನುವ ಮಾತೂ ಕೆಲವೆಡೆ ಕೇಳುತ್ತದೆ. ಫ್ರೀಸ್ಟೈಲ್ ಕುಸ್ತಿಯ ನಿಯಮ ಅದನ್ನು ಒಪ್ಪುತ್ತದೆ, ಮಣ್ಣಿನ ಕುಸ್ತಿ ಒಪ್ಪುತ್ತದೆ, ಜೂಡೊ ಒಪ್ಪುತ್ತದೆ. ಕರಾಟೆಯಲ್ಲಂತೂ ಎದುರಾಳಿಯನ್ನು ಕೆಡವಿ ಮೇಲೆ ಹಾಕಿದ ಸರಿಯಾದ ಏಟಿಗೆ ಮೂರು ಅಂಕ. ಮಾತು ಅಲ್ಲಿಗೆ ಮುಗಿಯಿತು.

ಕಲಿಸುವ ದಾರಿ ದೊಡ್ಡ ಗುಟ್ಟೇನಲ್ಲ. ಇಬ್ಬರು ಎದುರುಬದುರು ನಿಂತು ಒಬ್ಬರ ಮೊಣಕೈ ಒಬ್ಬರು ಹಿಡಿಯಲಿ. ಸುಮ್ಮನೆ ನಡೆಯಲಿ, ಮುಂದಕ್ಕೆ, ಹಿಂದಕ್ಕೆ, ಪಕ್ಕಕ್ಕೆ. ವಾರಗಟ್ಟಲೆ ಇಷ್ಟೇ. ಕಣ್ಣು ಎದುರಿನವರ ಎದೆಯ ಮೇಲಿರಲಿ, ಪಾದದ ಮೇಲೆ ಬೇಡ. ಭಾರ ಯಾವ ಕಾಲಿನಲ್ಲಿದೆ ಎಂದು ಕೈಯಿಂದಲೇ ತಿಳಿಯುವವರೆಗೆ ನಡೆಯಲಿ. ನಡುನಡುವೆ ನಿಲ್ಲಿಸಿ, ಕಣ್ಣು ಮುಚ್ಚಿಸಿ ಕೇಳಿ, ಈಗ ಯಾವ ಕಾಲು ಹಗುರ? ಸರಿಯಾಗಿ ಹೇಳತೊಡಗಿದ ಮೇಲೆ ಅಂಗಾಲನ್ನು ಒಳಕ್ಕೆ ತಿರುಗಿಸಿ, ಕಿರುಬೆರಳಿನ ಅಂಚನ್ನು ನೆಲಕ್ಕೆ ಸವರುತ್ತಾ, ಬರುವ ಪಾದವನ್ನು ಮುಟ್ಟಲಿ. ಮುಟ್ಟುವುದಷ್ಟೇ, ತೆಗೆಯುವುದು ಬೇಡ. ಹೊತ್ತು ತಪ್ಪಿದರೆ ಮುಟ್ಟಿದವನಿಗೇ ಗೊತ್ತಾಗುತ್ತದೆ, ಗೋಡೆಗೆ ಕಾಲು ತಾಗಿದ ಹಾಗಿರುತ್ತದೆ. ಹೊತ್ತು ಕೂಡಿ ಬಂದರೆ ಜೋಡಿಯ ಕಾಲು ತಾನಾಗಿ ಹೋಗುತ್ತದೆ, ಇಬ್ಬರಿಗೂ ಆಶ್ಚರ್ಯವಾಗುತ್ತದೆ. ಆ ಆಶ್ಚರ್ಯ ಒಮ್ಮೆ ಆದವರು ಮತ್ತೆ ಬಲ ಹಾಕಲು ಹೋಗುವುದಿಲ್ಲ. ಕೈಯ ಎಳೆತ, ಮೆತ್ತನೆ ಮಣ್ಣು, ಪೂರ್ತಿ ಪಟ್ಟು ಎಲ್ಲ ಆಮೇಲಿನದು. ಕೆಡವಿದವನು ಜೋಡಿಯ ತೋಳನ್ನು ಬಿಡದೆ ಹಿಡಿದು ಮೇಲಕ್ಕೆ ಎತ್ತಿಕೊಂಡಿರಬೇಕು, ಆಗ ಬೀಳುವವನ ತಲೆ ನೆಲಕ್ಕೆ ಬಡಿಯುವುದಿಲ್ಲ. ಕೆಡವಲು ಕಲಿತವನ ಮೇಲೆ ಬೀಳುವವನ ಹೊಣೆಯೂ ಇದೆ.

ಮೂರು ತಿಂಗಳಲ್ಲಿ ಇದೆಲ್ಲ ಆಗುವುದಿಲ್ಲ ಎಂದರೆ ಒಪ್ಪುತ್ತೇನೆ. ಆಗದಿದ್ದರೆ ಆ ಮೂರು ತಿಂಗಳಲ್ಲಿ ಬೀಳುವುದನ್ನೂ ಹಿಡಿದ ಕೈ ಬಿಡಿಸಿಕೊಳ್ಳುವುದನ್ನೂ ಕೂಗಿ ಓಡುವುದನ್ನೂ ಕಲಿಸಿ, ಸ್ವೀಪನ್ನು ಪಟ್ಟಿಯಿಂದ ತೆಗೆಯಿರಿ. ಬಾರದ್ದನ್ನು ಬರುತ್ತದೆ ಎಂದು ಸರ್ಟಿಫಿಕೇಟು ಕೊಡಬೇಡಿ.

ಇಟ್ಟಿಗಿಯಲ್ಲಿ, ಹಿರೇಹಡಗಲಿಯಲ್ಲಿ, ಹೊಳಲಿನಲ್ಲಿ, ಎಲ್ಲೇ ಇರಲಿ, ಶಾಲೆಯ ಎಸ್‌ಡಿಎಂಸಿಯಲ್ಲಿ ಕೂರುವ ಅಪ್ಪ-ಅಮ್ಮಂದಿರಿಗೆ ನನ್ನದೊಂದು ಕೋರಿಕೆ. ಈ ವರ್ಷ ಆತ್ಮರಕ್ಷಣೆಯ ಮಾಸ್ತರರು ಬಂದಾಗ ಅವರ ಬೆಲ್ಟಿನ ಬಣ್ಣ ಕೇಳಬೇಡಿ. ಮಕ್ಕಳು ಎಲ್ಲಿ ಬೀಳುತ್ತಾರೆ ತೋರಿಸಿ ಅನ್ನಿ. ತೋರಿಸಲು ಜಾಗ ಇಲ್ಲದಿದ್ದರೆ ಅಡ್ಡಗಾಲಿನ ಪಾಠವನ್ನು ಅಂದೇ ನಿಲ್ಲಿಸಿ, ಮಾರನೇ ದಿನ ಸಲಿಕೆ-ಪುಟ್ಟಿ ಹಿಡಿದು ಮಣ್ಣಿನ ಗುಂಡಿ ತೋಡಲು ನೀವೇ ಬನ್ನಿ.